ರಾಮಾನುಜನ್ ಯಾರ ಪೈಕಿ?

ಬೈತಖೋಲದವ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಾರವಾರದ ಒಂದು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಅತಿಥಿ ಉಪನ್ಯಾಸಕ ನಾನು. ಜುಲೈ 13 ಕವಿ, ಅನುವಾದಕ ಎ.ಕೆ. ರಾಮಾನುಜನ್ ತೀರಿಕೊಂಡ ದಿನ. ಅವತ್ತು ಅವರ ಬಗ್ಗೆ ಯಾರಾದರೂ ಅರ್ಧ ಗಂಟೆ ಮಾತಾಡಬೇಕು ಅಂತ ತೀರ್ಮಾನವಾಯಿತು. ಕನ್ನಡ ವಿಭಾಗದವರು "ಅವರು ಇಂಗ್ಲಿಷ್ ಕವಿಯಲ್ವಾ, ನೀವೇ ನೋಡಿಕೊಳ್ಳಿ" ಅಂದರು. ನಮ್ಮ ವಿಭಾಗದ ಹಿರಿಯರು "ವಚನ, ಜಾನಪದ ಅಂತ ಜೀವ ತೇದವರು, ಕನ್ನಡದವರೇ ಸರಿ" ಅಂದರು. ಕಡೆಗೆ ಅದು ಬಂದು ಕೂತದ್ದು ಖಾಯಂ ಅಲ್ಲದವನ ತಲೆ ಮೇಲೆ.

ನಿನ್ನೆ ಕೊನೆಯ ವರ್ಷದವರನ್ನು ಕೇಳಿದೆ, ರಾಮಾನುಜನ್ ಗೊತ್ತಾ ಅಂತ. ಮೂರು ಕೈ ಎದ್ದವು. ಮೂವರೂ ಹೇಳಿದ್ದು ಗಣಿತದ ರಾಮಾನುಜನ್ ವಿಷಯ, ಟ್ಯಾಕ್ಸಿ ನಂಬರು 1729. ತಪ್ಪು ಅವರದ್ದಲ್ಲ.

ನಾನು ಬರೆದಿಟ್ಟುಕೊಂಡಿದ್ದು ಇಷ್ಟು: 1929ರ ಮಾರ್ಚ್ 16ರಂದು ಮೈಸೂರಿನಲ್ಲಿ ಹುಟ್ಟು. ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಓದಿ, ಕೊಲ್ಲಂ, ಮಧುರೈ, ಬೆಳಗಾವಿ, ಬರೋಡಾಗಳಲ್ಲಿ ಮೇಷ್ಟ್ರು. 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಸಿಕ್ಕಿ ಅಮೆರಿಕ, 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್. ಅದಕ್ಕೂ ಮೊದಲೇ, 1962ರಲ್ಲಿ, ಶಿಕಾಗೋ ವಿಶ್ವವಿದ್ಯಾಲಯ ಸೇರಿ ಕೊನೆವರೆಗೂ ಅಲ್ಲೇ. 1976ರಲ್ಲಿ ಪದ್ಮಶ್ರೀ, 1983ರಲ್ಲಿ ಮೆಕಾರ್ಥರ್ ಫೆಲೋಶಿಪ್. 1993ರಲ್ಲಿ ಶಸ್ತ್ರಚಿಕಿತ್ಸೆಗೆ ಕೊಟ್ಟ ಅರಿವಳಿಕೆ ಮೈಗೆ ಒಗ್ಗದೆ ಸಾವು. ಆರು ವರ್ಷದ ಮೇಲೆ, 1999ರಲ್ಲಿ, ಇಂಗ್ಲಿಷ್ ಕವಿತೆಗಳಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ.

ಇದನ್ನೇ ಓದಿದರೆ ಐದು ನಿಮಿಷಕ್ಕೆ ಹುಡುಗರ ಕೈಗೆ ಮೊಬೈಲ್ ಬರ್ತದೆ. ಅರ್ಧಕ್ಕರ್ಧ ಮೀನುಗಾರರ ಮನೆಯ ಮಕ್ಕಳು. ಈಗ ಮೀನುಗಾರಿಕೆ ಬಂದ್, ಬೋಟುಗಳೆಲ್ಲ ದಡದಲ್ಲಿ, ಮನೆಯಲ್ಲಿ ಗದ್ದಲ, ತಲೆ ಬೇರೆಲ್ಲೋ ಇರ್ತದೆ. ನನ್ನ ಮನೆಯೂ ಅಂಥದ್ದೇ. ಆಯಿ ಜೊತೆ ಕೊಂಕಣಿ, ಶಾಲೆಯಲ್ಲಿ ಕನ್ನಡ, ಬಂದರಿನಲ್ಲಿ ಮರಾಠಿ-ಹಿಂದಿ, ಸಂಬಳಕ್ಕೆ ಇಂಗ್ಲಿಷ್. ಎಲ್ಲಿಂದ ಶುರು ಮಾಡಲಿ? ನಮ್ಮ ಕಡೆ ಯಾರ ಸುದ್ದಿ ಬಂದರೂ ಮೊದಲು ಕೇಳೋದು "ಯಾರ ಪೈಕಿ?" ಅಂತ. ಹಾಗೆ ಯಾರಾದರೂ ಎದ್ದು ಕೇಳಿದರೆ ಏನು ಹೇಳಲಿ?

ಹಾಳೆಟೊಪ್ಪಿ:

ಯಾರ ಪೈಕಿ ಅಂದರೆ ನಮ್ಮ ಪೈಕಿ ಅಂತೂ ಅಲ್ಲ ಮಾರಾಯಾ. ಜಿಲ್ಲೆಯವರ ಪಾಳಿ ಎಲ್ಲ ಮುಗೀತಾ? ಅಂಕೋಲೆಯ ದಿನಕರ ದೇಸಾಯಿ ಇಲ್ಲವಾ? 1909ರಲ್ಲಿ ಹುಟ್ಟಿ 1982ರಲ್ಲಿ ಹೋದರು. ಅಷ್ಟರೊಳಗೆ ಚುಟುಕ ಬರೆದರು, ರೈತರ ಪರ ನಿಂತರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಶಾಲೆ ತೆಗೆದರು, ಸಂಸತ್ತಿಗೂ ಹೋಗಿ ಬಂದರು. ವಿದ್ವತ್ತೇ ಬೇಕು ಅಂದರೆ ಗೋಕರ್ಣದ ಗೌರೀಶ ಕಾಯ್ಕಿಣಿ. ನಿಮ್ಮ ಹುಡುಗರಲ್ಲಿ ಎಷ್ಟು ಜನ ಇವರ ಒಂದು ಸಾಲು ಹೇಳ್ತಾರೆ ಕೇಳಿ ನೋಡಿ.

ರಾಮಾನುಜನ್ ಮೈಸೂರಲ್ಲಿ ಹುಟ್ಟಿದ ತಮಿಳು ಅಯ್ಯಂಗಾರ್, ಸತ್ತದ್ದು ಶಿಕಾಗೋದಲ್ಲಿ. ಕಾರವಾರಕ್ಕೂ ಅವರಿಗೂ ಎಂತಾ ಸಂಬಂಧ? ಚುಟುಕ ಓದಿ. ಹುಡುಗರು ನಗ್ತಾರೆ, ಚಾ ಕುಡಿದು ಮನೆಗೆ ಹೋಗ್ತಾರೆ.

ಮೆಟ್ಟುಗತ್ತಿ:

ಹಾಳೆಟೊಪ್ಪಿಯವರ ಸಿಟ್ಟು ಸುಳ್ಳಲ್ಲ. ದಿನಕರ ದೇಸಾಯರ ಮೇಲೆ ಇನ್ನೊಂದು ದಿನ ಇಡಲಿ, ನಾನೇ ಬಸ್ ಹತ್ತಿ ಬರ್ತೇನೆ. ಆದರೆ ಸಂಬಂಧ ಇಲ್ಲ ಅನ್ನೋ ಮಾತು ಒಪ್ಪಲಾರೆ. ಸಂಬಂಧ ಇರೋದು ನಮ್ಮನೆ ಜಗಲಿಯಲ್ಲಿ. ಅದನ್ನ ಕಡೆಗೆ ಹೇಳ್ತೇನೆ.

ನಾನು ಶಿರಸಿ ಕಡೆಯವಳು. ಪಿಯು ಕಾಲೇಜಿನಲ್ಲಿ 31 ವರ್ಷ ಕನ್ನಡ ಕಲಿಸಿ ನಿವೃತ್ತಿಯಾಯ್ತು. ಈಗ ತೋಟ, ಮಳೆ, ಮೊಣಕಾಲು ನೋವು.

ತಮ್ಮಾ, ಇಸವಿಗಳನ್ನೆಲ್ಲ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಬಾಗಿಲಲ್ಲೇ ಹಂಚಿಬಿಡು. ಮಾತು ಶುರು ಮಾಡೋದು ಮನೆಯಿಂದ. ನೀನು ನಿನ್ನ ಮನೆಯ ಭಾಷೆಗಳ ಲೆಕ್ಕ ಕೊಟ್ಟೆಯಲ್ಲ, ಅಲ್ಲಿಂದಲೇ. ಮೈಸೂರಿನ ಅವರ ಮನೆಯಲ್ಲೂ ಒಂದೊಂದು ಭಾಷೆಗೆ ಒಂದೊಂದು ಜಾಗ. ಮಹಡಿ ಮೇಲೆ ಅಪ್ಪನ ಕೋಣೆ, ಅಲ್ಲಿ ಇಂಗ್ಲಿಷ್. ಕೆಳಗೆ ಅಮ್ಮನ ಅಡುಗೆಮನೆ, ಅಲ್ಲಿ ತಮಿಳು. ಹೊಸಿಲು ದಾಟಿದರೆ ಬೀದಿ, ಅಲ್ಲಿ ಕನ್ನಡ. ಆ ಅಪ್ಪನೂ ಗಣಿತದ ಪ್ರೊಫೆಸರೇ, ಹಾಗಾಗಿ ನಿನ್ನ ಹುಡುಗರು ಹೇಳಿದ್ದು ಪೂರ್ತಿ ತಪ್ಪೂ ಅಲ್ಲ! ಪಂಚೆ, ರುಮಾಲು, ಮೇಲೆ ಇಂಗ್ಲಿಷ್ ಕೋಟು. ಖಗೋಳ ವಿಜ್ಞಾನಿಗಳೂ ಮನೆಗೆ ಬರ್ತಿದ್ದರು, ಜಾತಕ ನೋಡೋ ಜೋಯಿಸರೂ ಬರ್ತಿದ್ದರು. ಮಗನಿಗೆ ಇದು ಸರಿ ಕಾಣಲಿಲ್ಲ. ಹೊಸ ಗ್ರಹ ಕಂಡುಹಿಡಿದ ಮೇಲೂ ಹಳೇ ನವಗ್ರಹದ ಲೆಕ್ಕದಲ್ಲಿ ಜಾತಕ ಹಾಕ್ತೀರಲ್ಲ ಅಂತ ಕೇಳಿದ. ಮಿದುಳಿಗೆ ಎರಡು ಭಾಗ ಇದೆ ಅಂತ ಗೊತ್ತಿಲ್ಲವಾ ಅಂತ ಅಪ್ಪ ಹೇಳಿ ಮುಗಿಸಿದರಂತೆ. ಮಗ ಮುಂದೆ ಭಾರತೀಯರು ಯೋಚಿಸುವ ರೀತಿಯ ಮೇಲೆ ದೊಡ್ಡ ಪ್ರಬಂಧ ಬರೆದಾಗ ಅಪ್ಪನ ಈ ಮಾತನ್ನ ಅದರೊಳಗೆ ಸೇರಿಸಿದರು. ಇದನ್ನ ಹೇಳು, ಹುಡುಗರು ಕಿವಿಗೊಡ್ತಾರೆ. ಬೆಳಿಗ್ಗೆ ಮೊಬೈಲಿನಲ್ಲಿ ಹವಾಮಾನ ನೋಡಿ ಸಂಜೆ ಗಡಿ ದೇವರಿಗೆ ಕಾಯಿ ಒಡೆಸೋ ಮನೆಗಳ ಮಕ್ಕಳೇ ಅಲ್ವಾ ಅವರೆಲ್ಲ.

ಇನ್ನು ಇಂಗ್ಲಿಷ್ ಕವಿ ಅನ್ನೋ ಮಾತು. ಅವರ ಮೊದಲ ಪುಸ್ತಕದ ಹೆಸರು 'ಗಾದೆಗಳು'. 1955ರಲ್ಲಿ ಧಾರವಾಡದಲ್ಲಿ ಬಂತು. ಆಗ ಅವರು ಬೆಳಗಾವಿಯಲ್ಲಿ ಇಂಗ್ಲಿಷ್ ಮೇಷ್ಟ್ರು. ಕ್ಲಾಸಿನಲ್ಲಿ ಶೇಕ್ಸ್‌ಪಿಯರ್, ಕ್ಲಾಸು ಬಿಟ್ಟ ಮೇಲೆ ಊರ ಹೆಂಗಸರ ಬಾಯಿಂದ ಗಾದೆ, ಕತೆ. ಅಮೆರಿಕಕ್ಕೆ ಹೋಗಿ ಡಾಕ್ಟರೇಟ್ ಮಾಡಿದ್ದು ಯಾವುದರ ಮೇಲೆ? ಕನ್ನಡ ವ್ಯಾಕರಣದ ಮೇಲೆ. 'ಹೊಕ್ಕುಳಲ್ಲಿ ಹೂವಿಲ್ಲ' 1969, 'ಮತ್ತು ಇತರ ಕವಿತೆಗಳು' 1977, 'ಕುಂಟೋಬಿಲ್ಲೆ' 1990. ಮೂರೂ ಕನ್ನಡ ಕವನ ಸಂಗ್ರಹ, ಬರೆದದ್ದು ಶಿಕಾಗೋದ ಹಿಮದಲ್ಲಿ ಕೂತು. ಕುಂಟೋಬಿಲ್ಲೆ ಅಂದರೆ ಏನು ಅಂತ ಹುಡುಗಿಯರನ್ನ ಕೇಳು. ಅಂಗಳದಲ್ಲಿ ಮನೆ ಬರೆದು ಒಂದೇ ಕಾಲಲ್ಲಿ ಕುಂಟಿದ ನೆನಪು ಕಾರವಾರದಲ್ಲೂ ಇರ್ತದೆ.

ಅನುವಾದದ ಬಗ್ಗೆ ಹೇಳೋದಾದರೆ ಒಂದೇ ವಚನ ಸಾಕು. ನಾನು ಕ್ಲಾಸಿನಲ್ಲಿ ಮಾಡ್ತಿದ್ದದ್ದು ಹೀಗೆ. ಬೋರ್ಡಿನ ಎಡಕ್ಕೆ ಬಸವಣ್ಣ:

ಉಳ್ಳವರು ಶಿವಾಲಯ ಮಾಡುವರು
ನಾನೇನ ಮಾಡುವೆ ಬಡವನಯ್ಯಾ

ಬಲಕ್ಕೆ ರಾಮಾನುಜನ್ ಇಂಗ್ಲಿಷು. ಇದು 1973ರಲ್ಲಿ ಪೆಂಗ್ವಿನ್ ತಂದ 'ಸ್ಪೀಕಿಂಗ್ ಆಫ್ ಶಿವ' ಪುಸ್ತಕದ್ದು. ನಮ್ಮಲ್ಲಿ ಎರಡೂ ಸಾಲಿಗೆ ಒಂದೇ 'ಮಾಡು'. ಇಂಗ್ಲಿಷಿನಲ್ಲಿ ಅದು ಒಡೆದು ಎರಡಾಗ್ತದೆ: ಶ್ರೀಮಂತರಿಗೆ 'ಮೇಕ್', ಬಡವನಿಗೆ 'ಡೂ'. ಅದನ್ನ ಕಂಡ ಮೇಲೆ ತಿರುಗಿ ಕನ್ನಡ ಓದಿದರೆ ಬಸವಣ್ಣ ಆ ಒಂದೇ ಪದವನ್ನ ಎರಡು ಸಲ ಹೇಗೆ ತಿರುಗಿಸಿದ್ದಾನೆ ಅಂತ ಕಾಣ್ತದೆ. ಇಪ್ಪತ್ತು ವರ್ಷ ಆ ವಚನ ಪಾಠ ಮಾಡಿದವಳಿಗೆ ನನಗೇ ಕಂಡಿರಲಿಲ್ಲ. ಆಮೇಲೆ 'ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ'. ಸ್ಥಾವರದ ಮೂಲದಲ್ಲೇ ಇಂಗ್ಲಿಷಿನ 'ಸ್ಟ್ಯಾಂಡ್' ಇದೆ, 'ಎಸ್ಟೇಟ್' ಇದೆ, 'ಸ್ಟೇಟಸ್' ಇದೆ ಅಂತ ಅವರು ಮುನ್ನುಡಿಯಲ್ಲಿ ಬಿಡಿಸಿ ತೋರಿಸ್ತಾರೆ. ಅಡಿಕೆ ಎಸ್ಟೇಟಿನ ಮಾತು ಬಂದದ್ದೇ ತಡ ನಮ್ಮ ಹುಡುಗರು ಎಚ್ಚರಾಗಿ ಕೂರ್ತಿದ್ದರು. ಆಸ್ತಿ, ಅಂತಸ್ತು ಎಲ್ಲ ಆ 'ನಿಂತದ್ದು' ಅನ್ನೋ ಪದದ ಒಳಗೇ ಇದೆ ನೋಡಿ.

ಅವರು ಅಂಕಿತವನ್ನೂ ಅನುವಾದ ಮಾಡಿಬಿಟ್ಟರು. ಕೂಡಲಸಂಗಮದೇವ ಅಂದರೆ ಹೊಳೆಗಳು ಕೂಡುವಲ್ಲಿನ ಒಡೆಯ. ಚೆನ್ನಮಲ್ಲಿಕಾರ್ಜುನ ಅಂದರೆ ಮಲ್ಲಿಗೆಯ ಹಾಗೆ ಬಿಳುಪಾದ ಒಡೆಯ. ಇದನ್ನ ಒಪ್ಪದವರು ಇದ್ದಾರೆ, ನಾನೂ ಅವರಲ್ಲಿ ಒಬ್ಬಳು. ದೇವರ ಹೆಸರನ್ನ ಬಿಡಿಸಿದರೆ ಕರೆದ ಹಾಗೆ ಆಗೋದಿಲ್ಲ, ವರ್ಣಿಸಿದ ಹಾಗೆ ಆಗ್ತದೆ. ಅಕ್ಕಮಹಾದೇವಿ ಕರೀತಿದ್ದಾಳೆ. ಇರಲಿ.

ಈಗ ಜಗಲಿಗೆ ಬರ್ತೇನೆ.

ನಮ್ಮನೆಯಲ್ಲಿ ಅಡಿಕೆ ಸುಲಿಯೋದು ರಾತ್ರಿ, ಊಟ ಆದ ಮೇಲೆ. ಜಗಲಿ ತುಂಬ ಮೆಟ್ಟುಗತ್ತಿ ಸಾಲು, ನಡುವೆ ಹಸಿ ಅಡಿಕೆ ರಾಶಿ, ಒಂದು ಗ್ಯಾಸ್ ಲೈಟು. ಕೈ ತನ್ನಷ್ಟಕ್ಕೆ ಓಡ್ತಿರ್ತದೆ, ಬಾಯಿ ಖಾಲಿ. ಆಗ ಅಜ್ಜಿ ಕತೆ ತೆಗೀತಿದ್ದಳು. ಹಗಲು ಎಷ್ಟು ಪೀಡಿಸಿದರೂ ಇಲ್ಲ. "ಹಗ್ಲಿಗೆ ಕತೆ ಹೇಳ್ಲಾಗ ತಂಗಿ, ದಾರಿಲಿ ಹೋಪವ್ಕೆ ದಾರಿ ತಪ್ತು." ಅಜ್ಜಿಯ ಒಂದು ಕತೆಯಲ್ಲಿ ಒಬ್ಬ ಹೆಂಗಸಿಗೆ ಒಂದು ಕತೆಯೂ ಒಂದು ಹಾಡೂ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ, ಯಾರಿಗೂ ಹಾಡಲಿಲ್ಲ. ಒಂದಿನ ಬಾಯಿ ಕಳೆದು ಮಲಗಿದ್ದಾಗ ಎರಡೂ ಹೊರಗೆ ಹಾರಿದವು. ಕತೆ ಬಾಗಿಲಲ್ಲಿ ಒಂದು ಜೊತೆ ಕೆರ ಆಯ್ತು, ಹಾಡು ಗೂಟಕ್ಕೆ ತೂಗಿದ ಕರಿ ಕೊಡೆ ಆಯ್ತು. ಗಂಡ ಬಂದು ನೋಡ್ತಾನೆ. ಯಾರದ್ದು ಇದು?

ಎಂ.ಎ. ಓದುವಾಗ ಧಾರವಾಡದಲ್ಲಿ ಗಿರೀಶ ಕಾರ್ನಾಡರ 'ನಾಗಮಂಡಲ' ಓದಿದೆ. 1988ರ ನಾಟಕ. ಅದರ ಶುರುವಿನಲ್ಲಿ ಪಾಳುಗುಡಿಯೊಳಗೆ ದೀಪಗಳು ಸೇರಿ ಮಾತಾಡ್ತವೆ. ಹಿಂದೆಯೇ ಒಂದು ಕತೆ ಹೆಣ್ಣಿನ ರೂಪದಲ್ಲಿ ಬರ್ತದೆ. ಓದ್ತಾ ನನ್ನ ಮೈ ಜುಂ ಅಂತು. ಇದು ಅಜ್ಜಿಯ ಜಗಲಿಯದ್ದು! ಕಾರ್ನಾಡರು ಚಿಕ್ಕಂದಿನಲ್ಲಿ ಶಿರಸಿಯಲ್ಲಿ ಬೆಳೆದವರು, ಹಾಗಾಗಿ ನಮ್ಮೂರ ಕಡೆಯ ಯಾವುದೋ ಅಜ್ಜಿಯಿಂದಲೇ ಕೇಳಿರಬೇಕು ಅಂತ ಗೆಳತಿಯರ ಮುಂದೆ ಜಂಬ ಕೊಚ್ಚಿದೆ. ಅಲ್ಲ. ನಾಟಕದ ಎರಡು ಕತೆಯನ್ನೂ ತಾವು ಕೇಳಿದ್ದು ರಾಮಾನುಜನ್ ಬಾಯಲ್ಲಿ ಅಂತ ಅವರೇ ಬರೆದಿದ್ದಾರೆ. ಶಿರಸಿಯಲ್ಲಿ ಬೆಳೆದ ಹುಡುಗನಿಗೆ ನಮ್ಮ ಜಗಲಿಯ ಕತೆಯನ್ನ ತಲುಪಿಸಿದ್ದು ಮೈಸೂರಿನ ಒಬ್ಬ ತಮಿಳರು. ಹಾಳೆಟೊಪ್ಪಿಯವರು ಕೇಳಿದ ಸಂಬಂಧ ಇದೇ ಆಯ್ತಲ್ಲ.

ರಾಮಾನುಜನ್ ಪುಸ್ತಕದಲ್ಲಿ ಇರೋದು ಕೊಡೆ ಅಲ್ಲ, ಕೋಟು. ಗಂಡ ಜಗಳ ಮಾಡಿ ಕಂಬಳಿ ಹೊತ್ತು ಹನುಮಂತನ ಗುಡಿಗೆ ಹೋಗಿ ಮಲಗ್ತಾನೆ. ಊರಿನ ದೀಪಗಳು ಆರಿಸಿದ ಮೇಲೆ ಎಲ್ಲಿ ಹೋಗ್ತವೆ? ಗುಡಿಗೆ ಬಂದು ಹರಟೆ ಹೊಡೀತವೆ. ಒಂದು ದೀಪ ತಡವಾಗಿ ಬಂತು. ಯಾಕೆ ಅಂದರೆ ನಮ್ಮನೆಯಲ್ಲಿ ಗಂಡ-ಹೆಂಡಿರ ಜಗಳ, ಮಲಗೋದು ತಡವಾಯ್ತು ಅಂತ ಇದ್ದದ್ದು ಇದ್ದ ಹಾಗೆ ಹೇಳ್ತು. ಗಂಡ ಕೇಳಿಸಿಕೊಂಡ. ಮನೆಗೆ ಓಡಿ ಬಂದು, ನಿನ್ನ ಹತ್ರ ಇರೋ ಕತೆ ಯಾವುದು, ಹಾಡು ಯಾವುದು ಅಂತ ಕೇಳ್ತಾನೆ. ಅಷ್ಟು ಹೊತ್ತಿಗೆ ಅವಳಿಗೆ ಎರಡೂ ಮರೆತುಹೋಗಿದೆ.

ವಿದ್ವಾಂಸರು ಜಾನಪದ ಅಂದರೆ ಲಾವಣಿ, ಮಹಾಕಾವ್ಯ, ಬೀದಿಯದ್ದು, ಗಂಡಸರದ್ದು ಅಂತ ಓಡಾಡೋ ಕಾಲಕ್ಕೆ ಇವರು ಅಡುಗೆಮನೆಯ ಒಳಗೆ, ಕೂಸಿಗೆ ತುತ್ತು ಇಡುವಾಗ ಹೇಳೋ ಕತೆಗೆ ಕಿವಿ ಕೊಟ್ಟರು. ಹಳೇ ತಮಿಳು ಕಾವ್ಯದಲ್ಲಿ 'ಅಗಂ' ಅಂತ ಮನೆಯೊಳಗಿನದ್ದಕ್ಕೆ, 'ಪುರಂ' ಅಂತ ಹೊರಗಿನದ್ದಕ್ಕೆ ಹೇಳ್ತಾರಲ್ಲ, ಅದೇ ಅಳತೆಯನ್ನ ಅಜ್ಜಿ ಕತೆಗೂ ಹಿಡಿದು ನೋಡಿದರು. ಅಗಂ ಕತೆಯಲ್ಲಿ ಪಾತ್ರಕ್ಕೆ ಹೆಸರೇ ಇರೋದಿಲ್ಲ: ಒಬ್ಬ ಹೆಂಗಸು, ಒಬ್ಬ ಗಂಡ, ಒಬ್ಬ ಸೊಸೆ. ನಮ್ಮಜ್ಜಿ ಕತೆಯಲ್ಲೂ ಯಾರಿಗೂ ಹೆಸರಿರಲಿಲ್ಲ. ನಾನು ಕೇಳಿದರೆ "ಹೆಸ್ರು ಎಂತಕ್ಕೆ?" ಅಂತಿದ್ದಳು.

ಅಣ್ಣ ಮೊದಲ ಸಂಬಳದಲ್ಲಿ ಟೇಪ್ ರೆಕಾರ್ಡರ್ ತಂದಿದ್ದ. ನಾನು ಎಂ.ಎ. ಹುಮ್ಮಸ್ಸಿನಲ್ಲಿ ಅಜ್ಜಿಯ ಏಳು ಕತೆ ಎರಡು ಕ್ಯಾಸೆಟ್ಟಿನಲ್ಲಿ ತುಂಬಿಸಿದೆ. ಅಡಿಕೆ ಸುಲಿಯೋ ಕಟ್ ಕಟ್ ಸದ್ದು, ನಡುವೆ ಅಜ್ಜಿಯ ಕೆಮ್ಮು. ನೌಕರಿ ಸಿಕ್ಕಿತು, ಮದುವೆ ಆಯ್ತು. ಒಂದು ಮಳೆಗಾಲ ಊರಲ್ಲಿ ಒಳ್ಳೇ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸೋ ಯಕ್ಷಗಾನ) ಇತ್ತು, ಖಾಲಿ ಕ್ಯಾಸೆಟ್ ಇರಲಿಲ್ಲ. ಅಜ್ಜಿ ಇನ್ನೂ ಗಟ್ಟಿ ಇದ್ದಾಳಲ್ಲ, ಮತ್ತೆ ಹೇಳಿಸಿದರಾಯ್ತು ಅಂತ ಅದರ ಮೇಲೆಯೇ ಹಿಡಿದೆ. ಇವತ್ತಿ‌ಗೂ ಆ ಕ್ಯಾಸೆಟ್ ಇದೆ. ಕೃಷ್ಣಸಂಧಾನ. ಅದರ ಕೊನೆಗೆ, ಭಾಗವತರ ಮಂಗಳ ಆದ ಮೇಲೆ, ನಾಲ್ಕು ಸೆಕೆಂಡು ಅಜ್ಜಿ ಉಳಿದಿದ್ದಾಳೆ: "...ಹೇಳಿ ಕೇಳ್ತಡ." ಅಷ್ಟೇ. ಯಾರು, ಯಾರನ್ನ, ಏನು ಕೇಳ್ತಾರಂತೆ ಅಂತ ನಂಗೆ ಗೊತ್ತಿಲ್ಲ.

ಗಂಡ ಗುಡಿಗೆ ಹೋಗೋದು ಅಜ್ಜಿ ಕತೆಯಲ್ಲಿ ಇರಲಿಲ್ಲ ಅನ್ನೋದು ಮಾತ್ರ ಖಾತ್ರಿ. ನಮ್ಮನೆಯಿಂದ ಗುಡಿಗೆ ಹಳ್ಳ ದಾಟಬೇಕು, ಮಳೆಗಾಲದಲ್ಲಿ ರಾತ್ರಿ ಯಾರೂ ದಾಟೋದಿಲ್ಲ. ದೀಪ ಎಲ್ಲಿ ಸೇರ್ತಿತ್ತು ಅಂತ ಎಷ್ಟು ಯೋಚಿಸಿದರೂ ನೆನಪಿಗೆ ಬರೋದಿಲ್ಲ.

ಏಳು_ಗಂಟೆ_ಬಸ್ಸು:

ಅಕ್ಕೋರ ಹಿಂದೆ ಬರೆಯೋಕೆ ಹೆದರಿಕೆ ಆಗ್ತದೆ, ಆದರೂ ಬರೀತೇನೆ. ನಾನು ಸಾಹಿತ್ಯ ಓದಿದವನಲ್ಲ, ಬ್ಯಾಂಕಿನವನು. ಮನೆ ಶಿರಸಿ, ನೌಕರಿ ಕುಮಟಾ. ಒಂಬತ್ತು ವರ್ಷ ದೇವಿಮನೆ ಘಟ್ಟ ಇಳಿದು ಹತ್ತಿದ್ದೇನೆ, ಬಸ್ಸಿನಲ್ಲಿ ಓದೋದೇ ಕೆಲಸ. ರಾಮಾನುಜನ್ ನನ್ನ ಕೈಗೆ ಸಿಕ್ಕಿದ್ದೂ ಹಾಗೆಯೇ.

ಮೊದಲು ಒಂದು ಘಟನೆ ಹೇಳಿ ಸರ್, ನಿಮ್ಮ ಹುಡುಗರಿಗೆ ಇದು ಹಿಡಿಸ್ತದೆ. 1962, ಶಿಕಾಗೋಗೆ ಬಂದ ಹೊಸತು. ಒಂದು ಶನಿವಾರ ರಾಮಾನುಜನ್ ಹಾರ್ಪರ್ ಲೈಬ್ರರಿಯ ನೆಲಮಾಳಿಗೆಗೆ ಇಳಿದರು. ಹಳೆಗಾಲದ ತಮಿಳು ತನಗೆ ಬರೋದಿಲ್ಲ, ಒಂದು ಸಣ್ಣ ವ್ಯಾಕರಣ ಪುಸ್ತಕ ಸಿಕ್ಕರೆ ಕಲಿಯೋಣ ಅಂತ. ವ್ಯಾಕರಣ ಹುಡುಕ್ತಾ ಕೈಗೆ ಬಂದದ್ದು ಉ.ವೇ. ಸ್ವಾಮಿನಾಥ ಅಯ್ಯರ್ 1937ರಲ್ಲಿ ಸಂಪಾದಿಸಿದ 'ಕುರುಂತೊಗೈ', ಸುಮಾರು ಎರಡು ಸಾವಿರ ವರ್ಷ ಹಳೆಯ ಪ್ರೇಮ ಪದ್ಯಗಳು. ಅಮ್ಮನ ಅಡುಗೆಮನೆಯ ಭಾಷೆಯ ಅತಿ ಹಳೆಯ ಕಾವ್ಯ ಅವರಿಗೆ ಸಿಕ್ಕಿದ್ದು ಏಳು ಸಮುದ್ರದಾಚೆ, ನೆಲದ ಕೆಳಗೆ. ಐದು ವರ್ಷದ ಮೇಲೆ, 1967ರಲ್ಲಿ, ಅದರಿಂದ ಆರಿಸಿ ಇಂಗ್ಲಿಷಿಗೆ ತಂದರು. 'ದಿ ಇಂಟೀರಿಯರ್ ಲ್ಯಾಂಡ್‌ಸ್ಕೇಪ್' ಅಂತ ಹೆಸರು.

ಆ ಪದ್ಯಗಳಲ್ಲಿ ನೆಲವೇ ಮನಸ್ಸು. ಗುಡ್ಡ ಅಂದರೆ ಕುರಿಂಜಿ, ಅಲ್ಲಿ ಪ್ರೇಮಿಗಳು ಕದ್ದು ಕೂಡ್ತಾರೆ. ಕಾಡು ಅಂದರೆ ಮುಲ್ಲೈ, ಅಲ್ಲಿ ಹೆಂಡತಿ ನಂಬಿಕೆಯಿಂದ ಕಾಯ್ತಾಳೆ. ಗದ್ದೆಬಯಲು ಮರುದಂ, ಗಂಡ ಬೇರೆ ಕಡೆ ಹೋಗಿ ಬಂದಿದ್ದಾನೆ, ಅವಳಿಗೆ ಮುನಿಸು. ಕಡಲ ತೀರ ನೆಯ್ದಲ್, ಅಲ್ಲಿ ಕಾಯುವಿಕೆಯೇ ಬೇರೆ, ಎದೆ ಹೊಡೆದುಕೊಳ್ಳೋ ಥರದ್ದು. ಬೆಂಗಾಡು ಪಾಲೈ, ಅಗಲಿಕೆ. ಶಿರಸಿಯಿಂದ ಕುಮಟೆಗೆ ಸುಮಾರು 60 ಕಿಲೋಮೀಟರ್. ಒಂದೇ ಟಿಕೆಟಿನಲ್ಲಿ ಕಾಡು, ಗುಡ್ಡ, ಗದ್ದೆ, ಕಡಲು ನಾಲ್ಕೂ ಮುಗೀತದೆ. ಪಾಲೈ ನಮ್ಮಲ್ಲಿ ಇಲ್ಲ ಅಂತ ಮೊದಲು ಅಂದುಕೊಂಡಿದ್ದೆ. ಆದರೆ ಪಾಲೈಗೆ ಸ್ವಂತ ಜಾಗವೇ ಇಲ್ಲವಂತೆ, ಕಾಡೂ ಗುಡ್ಡವೂ ಬಿಸಿಲಿಗೆ ಬೆಂದಾಗ ಅದೇ ಪಾಲೈ ಆಗ್ತದಂತೆ. ರಸ್ತೆ ಅಗಲ ಮಾಡಲು ಮರ ಕಡಿದ ಮೇಲೆ ಏಪ್ರಿಲ್ ತಿಂಗಳಲ್ಲಿ ಘಟ್ಟ ಇಳಿಯುವಾಗ ಆ ಮಾತು ನೆನಪಾಗ್ತದೆ.

ನಿಮ್ಮ ಬೈತಖೋಲದ ಹೆಂಗಸರಿಗೆ ನೆಯ್ದಲ್ ಏನು ಅಂತ ಯಾರೂ ಕಲಿಸಬೇಕಿಲ್ಲ. ಗಾಳಿ ಎದ್ದ ರಾತ್ರಿ ಬೋಟು ತಡವಾದರೆ ಜೆಟ್ಟಿಯ ಮೇಲೆ ನಿಂತವರ ಮುಖ ನೋಡಿದರೆ ಸಾಕು.

ಮತ್ತೆ ನಿಮ್ಮ ಯಾರ ಪೈಕಿ ಪ್ರಶ್ನೆ. ಅದನ್ನ ಕುರುಂತೊಗೈಯ 40ನೇ ಪದ್ಯ ಆಗಲೇ ಕೇಳಿ ಬಿಟ್ಟಿದೆ. ನನಗೆ ತಿಳಿದ ಹಾಗೆ ಹೇಳ್ತೇನೆ, ಪದ್ಯ ಆಗಿಲ್ಲದಿದ್ದರೆ ಕ್ಷಮಿಸಿ. ನನ್ನ ತಾಯಿ ನಿನ್ನ ತಾಯಿಗೆ ಏನಾಗಬೇಕು? ನನ್ನಪ್ಪ ನಿನ್ನಪ್ಪನಿಗೆ ಯಾವ ಕಡೆಯ ನೆಂಟ? ನಾನೂ ನೀನೂ ಗುರುತಾದದ್ದು ಹೇಗೆ? ಆದರೂ ನಮ್ಮ ಎದೆಗಳು ಕೆಮ್ಮಣ್ಣು ಮೇಲೆ ಸುರಿದ ಮಳೆಯ ಹಾಗೆ ಬೆರೆತು ಹೋದವು.

ಇದನ್ನ ಬರೆದ ಕವಿಯ ಹೆಸರೇ ಗೊತ್ತಿಲ್ಲ. ಪದ್ಯದ ಕೆಮ್ಮಣ್ಣು-ಮಳೆ ಮಾತನ್ನೇ ಹೆಸರಾಗಿ ಇಟ್ಟು ಕರೀತಾರೆ, ಸೆಂಬುಲಪ್ಪೆಯನೀರಾರ್ ಅಂತ. ಜೂನ್ ಮೊದಲ ವಾರ ನಮ್ಮ ಚಿರೇಕಲ್ಲಿನ ಧರೆಯಿಂದ ಇಳಿಯೋ ನೀರು ನೋಡಿದವರಿಗೆ ಟಿಪ್ಪಣಿ ಬೇಡ. ಆ ನೀರಿನಿಂದ ಮಣ್ಣು ಬೇರೆ ಮಾಡಿ ಇದು ಯಾರ ಪೈಕಿ ಅಂತ ಕೇಳೋದು ಹೇಗೆ?

ಹಾಳೆಟೊಪ್ಪಿ:

ಬಸ್ಸಿನವರೇ, ಕಡೇ ಪದ್ಯಕ್ಕೆ ನಾನು ಸೋತೆ. ಮೂಲದ ತಮಿಳು ಸಾಲು ಸಿಕ್ಕರೆ ಕನ್ನಡ ಲಿಪಿಯಲ್ಲಿ ಕಳಿಸಿ. ದಿನಕರ ದೇಸಾಯರ ಕಾರ್ಯಕ್ರಮ ಮಾತ್ರ ಬಿಡೋದಿಲ್ಲ, ಅಕ್ಕೋರು ಬಸ್ ಹತ್ತಿ ಬರ್ತೇನೆ ಅಂದಿದ್ದು ಇಲ್ಲಿ ದಾಖಲಾಗಿದೆ.

ಬೈತಖೋಲದವ:

ಅಕ್ಕೋರೇ, ಬಸ್ಸಿನವರೇ, ಏನು ಹೇಳಬೇಕೋ ತಿಳೀತಿಲ್ಲ. ನಾನು ತಂದಿಟ್ಟುಕೊಂಡಿದ್ದು ಅವರ ಇಂಗ್ಲಿಷ್ ಪದ್ಯಗಳು. 1966ರ 'ದಿ ಸ್ಟ್ರೈಡರ್ಸ್' ಸಂಗ್ರಹದಲ್ಲಿ ಮಧುರೈಯ ವೈಗೈ ಹೊಳೆಯ ಮೇಲಿನದ್ದು ಇದೆ. ನೆರೆ ಬಂದಾಗ ಮಾತ್ರ ಕವಿಗಳು ಹೊಳೆಯನ್ನ ಹಾಡ್ತಾರೆ, ಅದರಲ್ಲಿ ಕೊಚ್ಚಿಹೋದ ಬಸುರಿಯ ಬಗ್ಗೆ ಒಬ್ಬರೂ ಬರೆಯೋದಿಲ್ಲ ಅನ್ನೋ ಪದ್ಯ. 2019ರಲ್ಲಿ ಗಂಗಾವಳಿ, ಕಾಳಿ ಎರಡೂ ಉಕ್ಕಿದ್ದನ್ನ ಕಂಡ ಮಕ್ಕಳು ಇವರು, ಹಾಗಾಗಿ ಅದನ್ನ ಓದ್ತೇನೆ. ಅಪ್ಪ ಸತ್ತ ಮೇಲಿನ ಪದ್ಯವನ್ನೂ. ಅದರಲ್ಲಿ ಮಗ ಅಪ್ಪನ ಸಾವಿನ ಎರಡು ಸಾಲಿನ ಸುದ್ದಿಯನ್ನ ಉಪ್ಪು, ಕೊತ್ತಂಬರಿ, ಬೆಲ್ಲ ಕಟ್ಟಿಕೊಟ್ಟ ಪೇಪರ್ ಪೊಟ್ಟಣಗಳಲ್ಲಿ ಹುಡುಕ್ತಾನೆ. ಆಯಿ ಈಗಲೂ ಸಾಮಾನಿನ ಪೊಟ್ಟಣ ಬಿಡಿಸಿದ ಮೇಲೆ ಕಾಗದ ನೀಟಾಗಿ ಮಡಿಸಿ ಇಡ್ತಾಳೆ. ಓದೋಕೆ ಬರೋದಿಲ್ಲ ಅವಳಿಗೆ, ಫೋಟೋ ನೋಡ್ತಾಳೆ.

ಒಂದೇ ಅಳುಕು. ರಾಮಾಯಣಕ್ಕೆ ಎಷ್ಟೊಂದು ರೂಪ ಇದೆ ಅಂತ ಅವರು ಬರೆದ ಮುನ್ನೂರು ರಾಮಾಯಣದ ಪ್ರಬಂಧವನ್ನ 2011ರಲ್ಲಿ ದಿಲ್ಲಿ ವಿಶ್ವವಿದ್ಯಾಲಯ ಪಠ್ಯದಿಂದ ತೆಗೆದಿತ್ತಲ್ಲ. ಅದನ್ನ ಎತ್ತಲಾ, ಬಿಡಲಾ? ಯಾರಾದರೂ ಗಲಾಟೆ ಮಾಡಿದರೆ ಮುಂದಿನ ವರ್ಷ ನನ್ನ ಕ್ಲಾಸೇ ಇರೋದಿಲ್ಲ.

ಮೆಟ್ಟುಗತ್ತಿ:

ಹೊಟ್ಟೆಪಾಡಿನ ಮಾತು ಬಂದಾಗ ನಾನು ಧೈರ್ಯ ಹೇಳೋದು ಸುಲಭ, ಪಿಂಚಣಿ ಬರ್ತದೆ ನಂಗೆ. ಬೇಡ ಅನ್ನಿಸಿದರೆ ಬಿಡು. ಹೇಳೋದಾದರೆ ವಿವಾದ ಹೇಳಬೇಡ, ಅದರಲ್ಲಿರೋ ಉಂಗುರದ ಕತೆ ಹೇಳು. ಸಿಂಹಾಸನದ ಮೇಲೆ ಕೂತ ರಾಮನ ಉಂಗುರ ಜಾರಿ ನೆಲದ ಬಿರುಕಿಗೆ ಬೀಳ್ತದೆ. ಹನುಮಂತ ಸಣ್ಣವನಾಗಿ ಅದರ ಹಿಂದೆ ಪಾತಾಳಕ್ಕೆ ಹೋಗ್ತಾನೆ. ಅಲ್ಲಿಯ ರಾಜ ಒಂದು ಹರಿವಾಣ ತಂದಿಡ್ತಾನೆ, ತುಂಬ ಉಂಗುರ, ಎಲ್ಲವೂ ರಾಮನದ್ದೇ. ಯಾವುದು ಅಂತ ಆರಿಸ್ತೀಯ ಅಂತ ಕೇಳ್ತಾನೆ. ಎಷ್ಟು ರಾಮರು ಆಗಿಹೋದರೋ ಅಷ್ಟು ಉಂಗುರ. ತಾಳಮದ್ದಳೆ ಕೇಳಿ ಬೆಳೆದ ಜಿಲ್ಲೆ ನಮ್ಮದು. ಒಂದೇ ಪ್ರಸಂಗ, ಒಂದೇ ಪದ್ಯ, ಪಾತ್ರದ ಮಾತಾಡೋ ಅರ್ಥಧಾರಿ ಬದಲಾದರೆ ರಾಮನೇ ಬದಲು. ನಿನ್ನೆಯ ರಾಮ ಗೆದ್ದ ವಾದವನ್ನ ಇವತ್ತಿನ ರಾಮ ಸೋಲ್ತಾನೆ. ಅದಕ್ಕೆ ಯಾರೂ ಗಲಾಟೆ ಮಾಡಿದ್ದು ನಾ ಕಾಣೆ. ಚಾ ಕುಡೀತಾ ಯಾರ ಅರ್ಥ ಮೇಲು ಅಂತ ಬೆಳಗಿನವರೆಗೆ ಜಗಳ ಆಡ್ತಾರೆ, ಅಷ್ಟೇ.

ಪೊಟ್ಟಣದ ಕಾಗದ ಮಡಿಸೋ ಆಯಿಯನ್ನ ಮರೀಬೇಡ, ಹೇಳು.

ಇನ್ನೊಂದು. ನಿನ್ನೆ ಸಂಜೆ ಮಳೆಗೆ ಕರೆಂಟು ಹೋಯ್ತು, ಇನ್ವರ್ಟರ್ ಬ್ಯಾಟರಿಯೂ ಸತ್ತಿದೆ. ಅಟ್ಟದಿಂದ ಚಿಮಣಿ ಬುಡ್ಡಿ ಇಳಿಸಿ ಹಚ್ಚಿದ್ದೆ. ಮಲಗುವಾಗ ಊದಿದೆ. ಆರಿದ ಬತ್ತಿಯ ಹೊಗೆ ಮೂಗಿಗೆ ಬಂತಲ್ಲ, ಕತ್ತಲಲ್ಲಿ ಸುಮ್ಮನೆ ನಿಂತುಬಿಟ್ಟೆ. ಜಗಲಿಯಲ್ಲಿ ಗ್ಯಾಸ್ ಲೈಟು ಆರಿಸಿದ ಮೇಲೆ ಅಜ್ಜಿ ನನ್ನ ಕೈ ಹಿಡಿದು ಒಳಗೆ ಕರಕೊಂಡು ಹೋಗ್ತಿದ್ದದ್ದು ಎಲ್ಲಿಗೆ? ಕಾಲು ತೊಳೆಯೋಕೆ, ಬಚ್ಚಲಿಗೆ. ಮಳೆಗಾಲದಲ್ಲಿ ಬಚ್ಚಲ ಒಲೆಯಲ್ಲಿ ಇಡೀ ರಾತ್ರಿ ಮರದ ಕುಂಟೆ ಬೇಯ್ತಾ ಇರ್ತಿತ್ತು, ಬೂದಿಯೊಳಗೆ ಕೆಂಪಗೆ. ಅದನ್ನ ತೋರಿಸಿ ಅಜ್ಜಿ ಅಂತಿದ್ದಳು: "ದೀಪಕ್ಕೂ ಚಳಿ ಆಗ್ತಿಲ್ಯನೇ ತಂಗಿ? ಎಲ್ಲವೂ ಇಲ್ಲಿಗೇ ಬತ್ತ."

ಗುಡಿ ಅಲ್ಲ, ಬಚ್ಚಲೊಲೆ. ಗಂಡ ಮುನಿಸಿಕೊಂಡು ಬಚ್ಚಲ ಕಟ್ಟೆ ಮೇಲೆ ಮಲಗಿದ್ದ.

ನೀನು ಈ ಕತೆ ಹೇಳೋದಾದರೆ ಹನುಮಂತನ ಗುಡಿ ಅಂತಲೇ ಹೇಳು ತಮ್ಮಾ, ರಾಮಾನುಜನ್ ಪುಸ್ತಕದಲ್ಲಿ ಇರೋದು ಅದು. ಬಚ್ಚಲೊಲೆ ನಮ್ಮನೇದು.